ಬೇರೆಯವರ ಕಥೆಯಲ್ಲಿ ನಮಗೇನು ಕೆಲಸ?

ಫ್ಯಾನ್‌ಫಿಕ್ಷನ್ ಬರೆಯುವವರಿಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ. "ಇಷ್ಟು ಚೆನ್ನಾಗಿ ಬರೀತೀರಲ್ಲ, ಸ್ವಂತದ್ದು ಏನಾದರೂ ಬರೀಬಾರದಾ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಹೊಗಳುತ್ತಿದ್ದೇವೆ ಅಂತಲೇ ಅಂದುಕೊಂಡಿರುತ್ತಾರೆ. ಆದರೆ ಆ ಮಾತಿನ ತಿರುಳು ಇಷ್ಟೇ: ಈಗ ಬರೆಯುತ್ತಿರುವುದು ಲೆಕ್ಕಕ್ಕಿಲ್ಲ. ಬೇರೆಯವರು ಕಟ್ಟಿದ ಪದಗಳನ್ನು ಜೀವನಪೂರ್ತಿ ಹಾಡಿದ ಗಾಯಕರನ್ನು "ನಿಮ್ಮ ಸ್ವಂತ ಹಾಡು ಯಾವಾಗ?" ಅಂತ ಯಾರಾದರೂ ಕೇಳುತ್ತಾರಾ? ಕಥೆ ಬರೆಯುವವರನ್ನು ಮಾತ್ರ ಕೇಳುತ್ತಾರೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಈಗಾಗಲೇ ಇರುವ ಒಂದು ಕಾದಂಬರಿ, ಸಿನಿಮಾ, ಸೀರಿಯಲ್ ಅಥವಾ ಗೇಮಿನ ಪಾತ್ರಗಳನ್ನು ಇಟ್ಟುಕೊಂಡು ಅದರ ಅಭಿಮಾನಿ ಹೊಸ ಕಥೆ ಬರೆಯುತ್ತಾರೆ. ಸತ್ತ ಪಾತ್ರ ಸಾಯದೇ ಇದ್ದಿದ್ದರೆ? ಕೊನೆಯ ಪುಟದ ಮಾರನೇ ದಿನ ಏನಾಯಿತು? ಬಾಗಿಲಲ್ಲಿ ನಿಂತು ಎರಡು ಮಾತಾಡಿ ಹೋದ ಆ ಹೆಂಗಸಿನ ಕಡೆಯಿಂದ ನೋಡಿದರೆ ಇಡೀ ಕಥೆ ಹೇಗಿರುತ್ತದೆ? ಬರೆದದ್ದನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಾಕುತ್ತಾರೆ. ಸಾಮಾನ್ಯವಾಗಿ ನಿಜವಾದ ಹೆಸರೂ ಇರುವುದಿಲ್ಲ. ನಾನು ಬಹಳ ಕಾಲದಿಂದ ಇದನ್ನು ಓದುತ್ತಿದ್ದೇನೆ, ಆಗಾಗ ಬರೆದೂ ಇದ್ದೇನೆ. ಯಾವ ಹೆಸರಿನಲ್ಲಿ ಅಂತ ಮಾತ್ರ ಕೇಳಬೇಡಿ.

ಇದರಲ್ಲಿ ಅಂಥದ್ದೇನಿದೆ ಅನ್ನುವವರಿಗೆ ನಾನು ಕೊಡುವ ಉದಾಹರಣೆ ಷರ್ಲಾಕ್ ಹೋಮ್ಸ್‌ನದು. ಹಳೆಯದು, ಎಲ್ಲರಿಗೂ ಗೊತ್ತಿರುವುದು, ಅದಕ್ಕೇ ಅನುಕೂಲ.

ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ಹೋಮ್ಸ್‌ನನ್ನು ಜಲಪಾತದಲ್ಲಿ ಮುಗಿಸಿಬಿಟ್ಟರು. ಓದುಗರು ಬಿಡಬೇಕಲ್ಲ! 1903ರಲ್ಲಿ ಬದುಕಿಸಿ ವಾಪಸ್ ಕರೆದುಕೊಂಡು ಬಂದರು. ಕಥೆಯೊಳಗಿನ ಲೆಕ್ಕದಲ್ಲಿ ಅವನು ಸತ್ತು ಮೂರು ವರ್ಷ ಆಗಿತ್ತು. ವಾಪಸ್ ಬಂದ ದಿನವೇ ಅವನನ್ನು ಕೊಲ್ಲಲು ಒಬ್ಬ ಕೋವಿ ಹಿಡಿದು ಹೊಂಚು ಹಾಕುತ್ತಾನೆ. ಹೋಮ್ಸ್ ತನ್ನದೇ ಮೇಣದ ಮೂರ್ತಿಯೊಂದನ್ನು ಕಿಟಕಿಯ ಹಿಂದೆ ಇಡಿಸುತ್ತಾನೆ. ದೀಪದ ಬೆಳಕಿಗೆ ಅದರ ನೆರಳು ಪರದೆಯ ಮೇಲೆ ಬೀಳುತ್ತದೆ. ನೆರಳು ಅಲ್ಲಾಡದೆ ಕೂತರೆ ಅನುಮಾನ ಬರುತ್ತದೆ, ಅಲ್ವಾ? ಅದಕ್ಕೆ ಮನೆಯೊಡತಿ ಮಿಸೆಸ್ ಹಡ್ಸನ್ ಕಾಲು ಗಂಟೆಗೊಮ್ಮೆ ಮಂಡಿಯ ಮೇಲೆ ಹೋಗಿ, ತನ್ನ ನೆರಳು ಪರದೆಗೆ ಬೀಳದ ಹಾಗೆ, ಆ ಮೂರ್ತಿಯನ್ನು ಅಷ್ಟಿಷ್ಟು ತಿರುಗಿಸುತ್ತಿರುತ್ತಾಳೆ. ಕೊನೆಗೆ ಗುಂಡು ಮೂರ್ತಿಯ ತಲೆ ತೂರಿಕೊಂಡು ಹೋಗಿ ಗೋಡೆಗೆ ಬಡಿಯುತ್ತದೆ. ಆ ಗುಂಡನ್ನು ನೆಲಹಾಸಿನ ಮೇಲಿಂದ ಹೆಕ್ಕಿಕೊಡುವವಳೂ ಅವಳೇ. ಹೋಮ್ಸ್ "ನಿಮ್ಮಿಂದ ಉಪಕಾರವಾಯಿತು" ಅನ್ನುತ್ತಾನೆ, ಗೆಳೆಯ ವಾಟ್ಸನ್ ಕಡೆ ತಿರುಗುತ್ತಾನೆ. ಅಲ್ಲಿಗೆ ಅವಳ ಪಾತ್ರ ಮುಗಿಯಿತು.

ಈಗ ಇದನ್ನು ಒಬ್ಬ ಫ್ಯಾನ್‌ಫಿಕ್ ಬರಹಗಾರ್ತಿ ಓದುತ್ತಾಳೆ ಅಂತಿಟ್ಟುಕೊಳ್ಳಿ. ಅವಳ ಕಣ್ಣು ಹೋಮ್ಸ್ ಮೇಲಿಲ್ಲ, ಆ ಮಂಡಿಗಳ ಮೇಲಿದೆ. ಈ ಹೆಂಗಸು ಅವತ್ತೇ ಮಧ್ಯಾಹ್ನ ಸತ್ತವನನ್ನು ಜೀವಂತ ಕಂಡು ಚೀರಿ ಕಂಗಾಲಾಗಿದ್ದಳು. ಡಾಯ್ಲ್ ಅದನ್ನು ಅರ್ಧ ವಾಕ್ಯದಲ್ಲಿ ಹೇಳಿ ಮುಗಿಸಿದ್ದಾರೆ. ಸಂಜೆಯ ಹೊತ್ತಿಗೆ ಅದೇ ಹೆಂಗಸು ಕೋವಿಯ ಗುರಿಗೆ ಅಡ್ಡವಾಗಿ ತೆವಳುತ್ತಿದ್ದಾಳೆ. ಗುಂಡು ಹಾರುತ್ತದೆ ಅಂತ ಅವಳಿಗೆ ಮೊದಲೇ ಗೊತ್ತಿತ್ತಾ? ಯಾರಾದರೂ ಹೇಳಿದ್ದರಾ? ಮೂರು ವರ್ಷ ಅವನ ಕೋಣೆಗಳು ಇದ್ದ ಹಾಗೇ ಇದ್ದವಂತೆ, ಅಣ್ಣ ಮೈಕ್ರಾಫ್ಟ್ ನೋಡಿಕೊಂಡನಂತೆ. ಸರಿ, ದೂಳು ಹೊಡೆದವರು ಯಾರು? ಬದುಕಿದ್ದೇನೆ ಅಂತ ಅವನು ಅಣ್ಣನಿಗೆ ತಿಳಿಸಿದ್ದ, ಇವಳಿಗೆ ತಿಳಿಸಿರಲಿಲ್ಲ. ಅವಳಿಗೆ ಸಿಟ್ಟು ಬರಲಿಲ್ವಾ?

ಇದನ್ನೇ ಒಬ್ಬ ವಿಮರ್ಶಕ "ಈ ಕಥೆಗಳಲ್ಲಿ ಹೆಣ್ಣುಪಾತ್ರಗಳು ಅಂಚಿಗೆ ಸರಿದಿವೆ" ಅಂತ ಬರೆಯಬಹುದು. ಮಾತು ನಿಜ. ಆದರೆ ಅಷ್ಟು ಹೇಳಿ ಎದ್ದುಹೋಗಬಹುದು. ಕಥೆ ಬರೆಯಲು ಕೂತವಳು ಹಾಗೆ ಎದ್ದುಹೋಗುವಂತಿಲ್ಲ. ಮಿಸೆಸ್ ಹಡ್ಸನ್‌ಗೆ ವಯಸ್ಸೆಷ್ಟು ಅಂತ ತೀರ್ಮಾನಿಸಬೇಕು. ಮೂಲದಲ್ಲಿ ಅದಿಲ್ಲ. ಉದ್ದನೆಯ ಲಂಗದಲ್ಲಿ ಮಂಡಿಯ ಮೇಲೆ ಸರಿಯುವುದು ಹೇಗೆ, ಕಾಲು ಗಂಟೆ ಆಯಿತು ಅಂತ ಗೊತ್ತಾಗುವುದು ಹೇಗೆ, ಎರಡು ಸರದಿಯ ನಡುವೆ ಅವಳು ಎಲ್ಲಿ ಕೂತಿರುತ್ತಾಳೆ, ಮೇಣವನ್ನು ಮುಟ್ಟುವಾಗ ಅದು ಅವನ ಮುಖದ ಹಾಗೇ ಇದೆ ಅನ್ನುವುದು ಅವಳಿಗೆ ಏನು ಮಾಡುತ್ತದೆ, ಎಲ್ಲ ಬರೆಯಬೇಕು. ಹಾಗೆ ಬರೆದ ಮೇಲೆ ಮೂಲಕ್ಕೆ ವಾಪಸ್ ಹೋದರೆ "ಉಪಕಾರವಾಯಿತು" ಅನ್ನುವ ಆ ಒಂದು ಸಾಲು ಮೊದಲಿನ ಹಾಗೆ ಕೇಳಿಸುವುದಿಲ್ಲ. ಫ್ಯಾನ್‌ಫಿಕ್ಷನ್ ಅಂದರೆ ನನ್ನ ಮಟ್ಟಿಗೆ ಇದು. ಓದುವುದನ್ನೇ ಬರೆದು ಮಾಡುವುದು. ಒಂದು ಪುಸ್ತಕವನ್ನು ಇಷ್ಟು ಹತ್ತಿರದಿಂದ ಓದುವ ಇನ್ನೊಂದು ದಾರಿ ನನಗೆ ಗೊತ್ತಿಲ್ಲ.

ಹೋಮ್ಸ್‌ನನ್ನೇ ಹಿಡಿದುಕೊಂಡು ಇನ್ನೂ ಸ್ವಲ್ಪ ಹೇಳುತ್ತೇನೆ. ಯಾಕಂದರೆ ಜನ ಇದನ್ನು ಹೇಗೆ ನೋಡುತ್ತಾರೆ ಅನ್ನುವುದೂ ಇಲ್ಲೇ ಚೆನ್ನಾಗಿ ಕಾಣುತ್ತದೆ. 1911ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವವರು ಆಕ್ಸ್‌ಫರ್ಡ್‌ನಲ್ಲಿ ಹೋಮ್ಸ್ ಕಥೆಗಳ ಮೇಲೆ ಒಂದು ಪ್ರಬಂಧ ಓದಿದರು. ಧರ್ಮಗ್ರಂಥಗಳನ್ನು ಕೆದಕುವ ಪಂಡಿತರ ಧಾಟಿಯಲ್ಲೇ, ತಮಾಷೆಗೆ. ಅಲ್ಲಿಂದ ಒಂದು ಆಟವೇ ಶುರುವಾಯಿತು. ಹೋಮ್ಸ್, ವಾಟ್ಸನ್ ಇಬ್ಬರೂ ನಿಜವಾಗಿ ಬದುಕಿದ್ದರು ಅಂತ ಒಪ್ಪಿಕೊಂಡು ಕಥೆಯಲ್ಲಿನ ತಪ್ಪುಗಳಿಗೆಲ್ಲ ಕಾರಣ ಹುಡುಕುವುದು. ಮೊದಲ ಕಾದಂಬರಿಯಲ್ಲಿ ವಾಟ್ಸನ್‌ಗೆ ಗುಂಡು ಬಿದ್ದದ್ದು ಭುಜಕ್ಕೆ, ಎರಡನೆಯದರಲ್ಲಿ ಕಾಲಿಗೆ. ಹಾಗಾದರೆ ಎಷ್ಟು ಗುಂಡು? ಒಂದು ಕಥೆಯಲ್ಲಿ ಜಾನ್ ವಾಟ್ಸನ್‌ನ ಹೆಂಡತಿಯೇ ಅವನನ್ನು ಜೇಮ್ಸ್ ಅಂತ ಕರೆಯುತ್ತಾಳೆ. ಡಾಯ್ಲ್ ಮರೆತಿದ್ದರು, ಅಷ್ಟೇ. ಆದರೆ ಪತ್ತೇದಾರಿ ಕಾದಂಬರಿಕಾರ್ತಿ ಡೊರೊತಿ ಸೇಯರ್ಸ್ ಅದಕ್ಕೂ ಪರಿಹಾರ ಕೊಟ್ಟರು: ವಾಟ್ಸನ್ ಹೆಸರಿನ ನಡುವಿನ 'ಎಚ್' ಅಂದರೆ ಹೇಮಿಶ್, ಅದು ಜೇಮ್ಸ್‌ನ ಸ್ಕಾಟಿಷ್ ರೂಪ, ಹೆಂಡತಿ ಮುದ್ದಿಗೆ ಹಾಗೆ ಕರೆದಳು! 1934ರಲ್ಲಿ ನ್ಯೂಯಾರ್ಕ್‌ನಲ್ಲಿ ಬೇಕರ್ ಸ್ಟ್ರೀಟ್ ಇರೆಗ್ಯುಲರ್ಸ್ ಅನ್ನುವ ಕೂಟವೇ ಹುಟ್ಟಿತು. ಔತಣ, ಭಾಷಣ, ಪತ್ರಿಕೆ ಎಲ್ಲ ಇತ್ತು. ಹೆಂಗಸರಿಗೆ ಅದರ ಸದಸ್ಯತ್ವದ ಬಾಗಿಲು ತೆರೆದದ್ದು 1991ರಲ್ಲಿ.

ಇದು ಫ್ಯಾನ್‌ಫಿಕ್ಷನ್ ಅಲ್ಲದೆ ಇನ್ನೇನು? ಮೂಲದಲ್ಲಿ ಬಿಟ್ಟುಹೋದದ್ದನ್ನು ತುಂಬುವುದು, ಇಲ್ಲದ್ದನ್ನು ಕಲ್ಪಿಸಿಕೊಳ್ಳುವುದು, ಅದನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಜಗಳವಾಡುವುದು. ಆದರೆ ಇದಕ್ಕೆ ಜನ ಕೊಟ್ಟ ಹೆಸರು ವಿದ್ವತ್ತಿನ ವಿನೋದ. ಅದೇ ಕೆಲಸವನ್ನು ಹದಿನಾರು ವರ್ಷದ ಹುಡುಗಿ ಫೋನಿನಲ್ಲಿ ಟೈಪ್ ಮಾಡಿದರೆ ಹುಚ್ಚು, ಕಾಲಹರಣ, ಕಳ್ಳತನ. ಕೋಟು ಹಾಕಿಕೊಂಡು ಮಾಡಿದರೆ ಗೌರವ. ನನಗೆ ಇದರಲ್ಲಿ ಸಾಹಿತ್ಯದ ಪ್ರಶ್ನೆ ಕಾಣುವುದಿಲ್ಲ, ಯಾರು ಬರೆದರು ಅನ್ನುವ ಪ್ರಶ್ನೆ ಕಾಣುತ್ತದೆ.

ಈಗಿನ ರೂಪದ ಫ್ಯಾನ್‌ಫಿಕ್ಷನ್ ಬೆಳೆದದ್ದು 'ಸ್ಟಾರ್ ಟ್ರೆಕ್' ಟೀವಿ ಸರಣಿಯ ಸುತ್ತ. ಅದರ ಮೊದಲ ಅಭಿಮಾನಿ ಪತ್ರಿಕೆ 'ಸ್ಪಾಕನೇಲಿಯಾ' ಬಂದದ್ದು 1967ರಲ್ಲಿ. ಟೈಪ್ ಮಾಡಿ, ಪ್ರತಿ ತೆಗೆದು, ಪಿನ್ ಹೊಡೆದು, ಅಂಚೆಯಲ್ಲಿ ಕಳಿಸುತ್ತಿದ್ದ ಕಾಲ. ಆ ಬಳಗದಲ್ಲಿ ಹೆಂಗಸರೇ ಜಾಸ್ತಿ. ಗಂಡು ಪಾತ್ರಗಳಿಬ್ಬರ ಪ್ರೇಮಕಥೆಗೆ 'ಸ್ಲ್ಯಾಶ್' ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ, ಆ ಸರಣಿಯ ಕರ್ಕ್ ಮತ್ತು ಸ್ಪಾಕ್ ಹೆಸರುಗಳ ನಡುವೆ ಹಾಕುತ್ತಿದ್ದ ಓರೆ ಗೆರೆಯಿಂದ. 'ಮೇರಿ ಸ್ಯೂ' ಅನ್ನುವ ಬೈಗುಳ ಹುಟ್ಟಿದ್ದೂ ಅಲ್ಲೇ. 1973ರಲ್ಲಿ ಪೌಲಾ ಸ್ಮಿತ್ ಒಂದು ಚಿಕ್ಕ ಅಣಕು ಕಥೆ ಬರೆದರು. ಅದರ ನಾಯಕಿ ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸ್ಯೂ, ಇಡೀ ಪಡೆಯಲ್ಲೇ ಚಿಕ್ಕವಳು, ಎಲ್ಲದರಲ್ಲೂ ಜಾಣೆ, ಎಲ್ಲರೂ ಅವಳಿಗೆ ಮರುಳು. ಬರಹಗಾರ್ತಿಯರು ತಮ್ಮನ್ನೇ ಕಥೆಯೊಳಗೆ ತಂದಿಟ್ಟುಕೊಳ್ಳುವ ಚಟವನ್ನು ಒಳಗಿನವರೇ ಗೇಲಿ ಮಾಡಿದ್ದು. ಗೇಲಿ ಸರಿಯಾಗೇ ಇತ್ತು. ಆಮೇಲೆ ಅದು ಕೈತಪ್ಪಿತು. ಸ್ವಲ್ಪ ಚುರುಕಾದ ಹೆಣ್ಣುಪಾತ್ರ ಬಂದರೆ ಸಾಕು, ಮೇರಿ ಸ್ಯೂ ಅನ್ನುತ್ತಾರೆ. ಒಬ್ಬನೇ ಐವತ್ತು ಜನರನ್ನು ಹೊಡೆದುರುಳಿಸಿ, ತಲೆಗೂದಲು ಸರಿಮಾಡಿಕೊಂಡು ಹೋಗುವ ಹೀರೋಗೆ ಇಂಥ ಹೆಸರು ಅಷ್ಟು ಸಲೀಸಾಗಿ ಅಂಟುವುದಿಲ್ಲ.

ಫ್ಯಾನ್‌ಫಿಕ್ಷನ್ ಪರವಾಗಿ ವಾದಿಸುವವರ ಬಗ್ಗೆಯೂ ನನ್ನ ತಕರಾರಿದೆ. ಅವರ ಹತ್ತಿರ ಸಾಮಾನ್ಯವಾಗಿ ಎರಡು ಅಸ್ತ್ರ ಇರುತ್ತವೆ.

ಮೊದಲನೆಯದು ಪೂರ್ವಿಕರು. ಪಂಪನೂ ಫ್ಯಾನ್‌ಫಿಕ್ ಬರಹಗಾರನೇ ಅಂತೆ. ವ್ಯಾಸರ ಕಥೆ ತೆಗೆದುಕೊಂಡು, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕೂರಿಸಿ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯಾಗಿ ಮಾಡಲಿಲ್ವಾ? ಕೇಳಲು ಮಜವಾಗಿದೆ. ನಾನೂ ಈ ಮಾತಿಗೆ ನಗುತ್ತೇನೆ. ಆದರೆ ಪಂಪನ ಕೈಯಲ್ಲಿದ್ದ ಕಥೆ ಎಲ್ಲರದ್ದು. ಅದಕ್ಕೆ ವಾರಸುದಾರರಿರಲಿಲ್ಲ. ಅವನಿಗೆ ರಾಜನ ಆಶ್ರಯವಿತ್ತು, ಬರೆದದ್ದು ದೊಡ್ಡದು ಅನ್ನುವ ವಿಶ್ವಾಸ ಅವನಿಗೂ ಇತ್ತು, ಕೇಳುವವರಿಗೂ ಇತ್ತು. ಫ್ಯಾನ್‌ಫಿಕ್ ಬರೆಯುವವರ ಸ್ಥಿತಿ ಇದಕ್ಕೆ ತಿರುವುಮುರುವು. ಕಥೆಗೆ ಜೀವಂತ ಮಾಲೀಕರಿದ್ದಾರೆ, ಬರಿ ಅಂತ ಯಾರೂ ಹೇಳಿಲ್ಲ, ಕಾಸು ಕೊಡುವವರಿಲ್ಲ, ಓದುವವರು ತನ್ನ ಹಾಗೇ ಮೂಲವನ್ನು ಹುಚ್ಚಾಗಿ ಓದಿದವರು. ಅದರ ಗುಣ ಇರುವುದೇ ಈ ಸ್ಥಿತಿಯಲ್ಲಿ. ಪಂಪನ ಶಾಲು ಹೊದಿಸಿದರೆ ಅದು ಮುಚ್ಚಿಹೋಗುತ್ತದೆ.

ಎರಡನೆಯ ವಾದ ಇನ್ನೂ ಕೆಟ್ಟದ್ದು: ಫ್ಯಾನ್‌ಫಿಕ್ಷನ್ ಒಳ್ಳೆಯ ಅಭ್ಯಾಸ, ಮುಂದೆ ನಿಜವಾದ ಲೇಖಕರಾಗಬಹುದು ಅನ್ನುವುದು. ಅಭ್ಯಾಸ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ವಾರಕ್ಕೊಂದು ಅಧ್ಯಾಯ ಹಾಕಿ, ಅದೇ ರಾತ್ರಿ ಓದುಗರ ಮಾತು ಕೇಳಿಸಿಕೊಳ್ಳುವುದು ಎಂಥ ಪಾಠ! 'ಡ್ರ್ಯಾಬಲ್' ಅನ್ನುವ ಒಂದು ಪ್ರಕಾರವಿದೆ, ಸರಿಯಾಗಿ 100 ಪದಗಳಲ್ಲಿ ಕಥೆ ಮುಗಿಯಬೇಕು. ಬರೆದು ನೋಡಿ, ಯಾವ ವಿಶೇಷಣ ದಂಡ ಅಂತ ತಾನಾಗೇ ಗೊತ್ತಾಗುತ್ತದೆ. ಪ್ರಕಟಿಸುವ ಮೊದಲು ಕಥೆ ತಿದ್ದಿಕೊಡುವ 'ಬೀಟಾ' ಓದುಗರಿದ್ದಾರೆ. ನಾನು ಕಂಡ ಕೆಲವು ಬೀಟಾಗಳು ಒಂದು ಅಲ್ಪವಿರಾಮಕ್ಕೆ ಅರ್ಧ ಗಂಟೆ ವಾದ ಮಾಡುತ್ತಾರೆ. ಆದರೆ ಈ ಎಲ್ಲವನ್ನೂ 'ಮುಂದಿನದಕ್ಕೆ ತಯಾರಿ' ಅಂದುಬಿಟ್ಟರೆ, ಇಪ್ಪತ್ತು ವರ್ಷ ಬರೆದು ಒಂದೂ ಪುಸ್ತಕ ಮಾಡದ ಒಳ್ಳೆಯ ಬರಹಗಾರ್ತಿ ಫೇಲಾದಳು ಅಂತಾಗುತ್ತದೆ. ಅವಳಿಗೆ ಪುಸ್ತಕ ಬೇಕಾಗಿರಲಿಲ್ಲ.

ಪುಸ್ತಕವಾದಾಗ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇವೆ. 2011ರಲ್ಲಿ ಬಂದ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಮೊದಲು ಒಂದು ವ್ಯಾಂಪೈರ್ ಪ್ರೇಮಸರಣಿಯ ಫ್ಯಾನ್‌ಫಿಕ್ ಆಗಿತ್ತು. ಹೆಸರು ಬದಲಾಯಿತು, ಅದರ ಸರಣಿ 10 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಆಗ ಈ ಮೂಲವನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದರು. ಈಗ ಗಾಳಿ ತಿರುಗಿದೆ. ಫ್ಯಾನ್‌ಫಿಕ್ ಆಗಿ ಹೆಸರು ಮಾಡಿದ್ದು ಅನ್ನುವುದನ್ನೇ ಪ್ರಕಾಶಕರು ಜಾಹೀರಾತಾಗಿ ಬಳಸುತ್ತಾರೆ. 2025ರಲ್ಲಂತೂ 'ಹ್ಯಾರಿ ಪಾಟರ್'ನ ಒಂದೇ ಜೋಡಿಯ ಮೇಲೆ ಬರೆಯುತ್ತಿದ್ದ ಮೂವರ ಕಾದಂಬರಿಗಳು ದೊಡ್ಡ ಪ್ರಕಾಶಕರಿಂದ ಬಂದವು.

ಹಾಗೆ ಬರೆದವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ದುಡ್ಡು ಬರಲಿ. ಆದರೆ ಓದುವವಳಾಗಿ ಒಂದು ನಷ್ಟ ಎದ್ದು ಕಾಣುತ್ತದೆ. ಫ್ಯಾನ್‌ಫಿಕ್‌ನಲ್ಲಿ ಒಂದು ಪಾತ್ರ ಬಾಗಿಲು ತೆಗೆದು ಒಳಗೆ ಬಂದರೆ ಸಾಕು, ಓದುಗರಿಗೆ ಅವನ ಇಡೀ ಬಾಳು ಗೊತ್ತು. ಅವನು ಕೈ ಜೇಬಿಗೆ ಹಾಕಿದರೂ ಯಾಕೆ ಹಾಕಿದ ಅಂತ ಗೊತ್ತು. ಬರಹಗಾರ್ತಿ ಪರಿಚಯ ಮಾಡಿಕೊಡಬೇಕಿಲ್ಲ, ನೇರವಾಗಿ ಗಾಯಕ್ಕೆ ಕೈ ಹಾಕಬಹುದು. ಹೆಸರು, ಊರು, ಕಣ್ಣಿನ ಬಣ್ಣ ಬದಲಿಸಿ ಮಾರುಕಟ್ಟೆಗೆ ಬಿಟ್ಟಾಗ ಆ ನೆನಪೆಲ್ಲ ಕಳಚಿ ಬೀಳುತ್ತದೆ. ಅದರ ಜಾಗಕ್ಕೆ ಐವತ್ತು ಪುಟ ಪರಿಚಯ ಸೇರಿಸುತ್ತಾರೆ. ಆದರೂ ಎಲ್ಲೋ ಒಂದು ಖಾಲಿತನ ಉಳಿಯುತ್ತದೆ. ಯಾರನ್ನೋ ನೆನೆದು ಅಳುತ್ತಿರುವ ಕಥೆ, ಯಾರು ಅಂತ ಹೇಳುವಂತಿಲ್ಲ.

ಹಣದ ಮಾತು ಬಂತು. ಫ್ಯಾನ್‌ಫಿಕ್ಷನ್ನಿನ ಕಾನೂನು ಸ್ಥಿತಿ ಅತಂತ್ರವೇ. ಕೆಲವು ಲೇಖಕರು ದುಡ್ಡು ಮಾಡದಿದ್ದರೆ ಬರೆದುಕೊಳ್ಳಿ ಅಂದಿದ್ದಾರೆ, ಆನ್ ರೈಸ್ ಅವರಂಥವರು ಬೇಡವೇ ಬೇಡ ಅಂದಿದ್ದರು. ಲೇಖಕರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಪುಸ್ತಕ ಒಮ್ಮೆ ಓದುಗರ ತಲೆಯೊಳಗೆ ಹೋದ ಮೇಲೆ ಅಲ್ಲಿ ಅದು ಏನೇನಾಗುತ್ತದೆ ಅನ್ನುವುದಕ್ಕೆ ಬೇಲಿ ಹಾಕಲು ಆಗುವುದಿಲ್ಲ. ಹಾಗಾಗಿ ಪುಕ್ಕಟೆ ಅನ್ನುವುದು ಒಂದು ರಕ್ಷಣೆ. ಬರೀ ರಕ್ಷಣೆ ಅಷ್ಟೇ ಅಲ್ಲ, ಅದೊಂದು ಹಟವೂ ಹೌದು. 2007ರಲ್ಲಿ ಒಂದು ಕಂಪನಿ ಅಭಿಮಾನಿಗಳ ಕಥೆಗಳನ್ನು ಒಟ್ಟುಹಾಕಿ ತಾನು ಲಾಭ ಮಾಡಲು ಹೊರಟಿತು. ಅದೇ ವರ್ಷ ಅವರು ಬರೆಯುತ್ತಿದ್ದ ಒಂದು ದೊಡ್ಡ ತಾಣ ನೂರಾರು ಖಾತೆಗಳನ್ನು ಹೇಳದೆ ಕೇಳದೆ ಅಳಿಸಿತು. ಸಾಕಾಯಿತು, ಸರ್ವರ್ ನಮ್ಮದೇ ಇರಲಿ ಅಂತ ಒಂದಷ್ಟು ಜನ ಎದ್ದು ನಿಂತರು, ಮುಂದೆ ನಿಂತವರಲ್ಲಿ ಬಹುಪಾಲು ಹೆಂಗಸರು. ಆರ್ಗನೈಸೇಷನ್ ಫಾರ್ ಟ್ರಾನ್ಸ್‌ಫಾರ್ಮೇಟಿವ್ ವರ್ಕ್ಸ್ ಹುಟ್ಟಿದ್ದು ಹಾಗೆ. ಅದರ ಕಥಾಭಂಡಾರ ಆರ್ಕೈವ್ ಆಫ್ ಅವರ್ ಓನ್ 2009ರ ನವೆಂಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಜಾಹೀರಾತಿಲ್ಲ, ಚಂದಾ ಇಲ್ಲ, ದೇಣಿಗೆಯಲ್ಲಿ ನಡೆಯುತ್ತದೆ, ಕೆಲಸ ಮಾಡುವವರು ಸ್ವಯಂಸೇವಕರು. ಅದಕ್ಕಾಗಿಯೇ ಕೋಡಿಂಗ್ ಕಲಿತವರಿದ್ದಾರೆ. ಈಗ ಅಲ್ಲಿ ಕೋಟಿಗೂ ಮೀರಿ ಬರಹಗಳಿವೆ. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥಾಲೋಕದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಬಂತು. ಅಲ್ಲಿ ಬರೆದವರೆಲ್ಲ "ನಾನೂ ಹ್ಯೂಗೋ ವಿಜೇತೆ" ಅಂತ ತಮಾಷೆಗೆ ಬರೆದುಕೊಂಡರೆ, ಪ್ರಶಸ್ತಿಯ ಕಡೆಯವರು ಹಾಗೆಲ್ಲ ಹೇಳಿಕೊಳ್ಳಬೇಡಿ ಅಂತ ಗಂಭೀರವಾಗಿ ತಿಳಿಸಬೇಕಾಯಿತು. ಆ ಜಗಳ ಓದಿ ನಾನು ಬಿದ್ದು ಬಿದ್ದು ನಕ್ಕಿದ್ದೆ.

ಅಲ್ಲಿನ ಟ್ಯಾಗುಗಳನ್ನು ನೋಡಿದರೇ ಓದುಗರ ಮನಸ್ಸು ಗೊತ್ತಾಗುತ್ತದೆ. 'ಸ್ಲೋ ಬರ್ನ್' ಅಂದರೆ ಒಲವು ಬಹಳ ನಿಧಾನಕ್ಕೆ ಕುದಿಯುತ್ತದೆ. 'ಹರ್ಟ್/ಕಂಫರ್ಟ್' ಅಂದರೆ ಒಬ್ಬರು ನೋಯುತ್ತಾರೆ, ಇನ್ನೊಬ್ಬರು ಉಪಚರಿಸುತ್ತಾರೆ. 'ಫಿಕ್ಸ್-ಇಟ್' ಅಂದರೆ ಮೂಲದವರು ಕೆಡಿಸಿದ್ದನ್ನು ಸರಿಮಾಡುವುದು. ಇಬ್ಬರು, ಒಂದು ರಾತ್ರಿ, ಒಂದೇ ಮಂಚ ಅನ್ನುವುದಕ್ಕೂ ಒಂದು ಟ್ಯಾಗಿದೆ. ಏನಾಗುತ್ತದೆ ಅಂತ ಮೊದಲೇ ಹೇಳಿಬಿಟ್ಟರೆ ಓದುವುದೇನು ಅಂತ ಹೊರಗಿನವರು ಕೇಳುತ್ತಾರೆ. ಏನಾಗುತ್ತದೆ ಅಂತ ತಿಳಿಯಲು ಇಲ್ಲಿ ಯಾರೂ ಬರುವುದಿಲ್ಲ. ಈ ಇಬ್ಬರಿಗೆ ಅದು ಹೇಗಾಗುತ್ತದೆ ಅಂತ ನೋಡಲು ಬರುತ್ತಾರೆ. ಒಂದೇ ಅರ್ಥಕ್ಕೆ ಜನ ಹತ್ತಾರು ಥರ ಟ್ಯಾಗ್ ಬರೆಯುತ್ತಾರಲ್ಲ, ಅವನ್ನೆಲ್ಲ ಕೂತು ಒಂದಕ್ಕೊಂದು ಜೋಡಿಸುವ ಸ್ವಯಂಸೇವಕರ ಪಡೆಯೇ ಇದೆ.

ಎಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಬಹುಪಾಲು ಸಾಧಾರಣ, ಸಾಕಷ್ಟು ಓದಲಾಗದಷ್ಟು ಕೆಟ್ಟದ್ದು. ತೂಗಿ ನೋಡುವ ಸಂಪಾದಕರು ಇಲ್ಲದ ಕಡೆ ಹಾಗಿರಲೇಬೇಕು. "ಎಲ್ಲ ಬರೀ ಅಶ್ಲೀಲ" ಅನ್ನುವ ದೂರು ಮಾತ್ರ ಓದದವರದ್ದು. ಅದೂ ಇದೆ, ಮೇಲೇ ಗುರುತು ಹಾಕಿ ಇಟ್ಟಿರುತ್ತಾರೆ, ಬೇಡದವರು ದಾಟಿ ಹೋಗಬಹುದು. ನನಗೆ ಕಸಿವಿಸಿಯಾಗುವುದು ಬೇರೆ ಕಡೆ. ಬದುಕಿರುವ ನಟರು, ಗಾಯಕರನ್ನು ಪಾತ್ರ ಮಾಡಿಕೊಂಡು ಬರೆಯುವ ಕಥೆಗಳನ್ನು ನಾನು ತೆರೆಯುವುದಿಲ್ಲ. ಮಿಸೆಸ್ ಹಡ್ಸನ್ ನಾಳೆ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಿಲ್ಲ, ಅವರು ಹೋಗಬೇಕು. ಯಾವ ಪಾತ್ರಕ್ಕೆ ಯಾರು ಜೋಡಿ ಅನ್ನುವ ಅಭಿಮಾನಿಗಳ ಜಗಳಗಳೂ ಮಿತಿಮೀರುತ್ತವೆ. 2020ರಲ್ಲಿ ಚೀನಾದಲ್ಲಿ ಒಬ್ಬ ನಟನ ಅಭಿಮಾನಿಗಳು, ಅವನನ್ನು ಪಾತ್ರವಾಗಿಸಿದ ಒಂದು ಕಥೆಯ ಮೇಲೆ ಸಿಟ್ಟಾಗಿ ಸಾಮೂಹಿಕವಾಗಿ ದೂರು ಕೊಟ್ಟರು. ಫೆಬ್ರವರಿ ಕೊನೆಯ ಹೊತ್ತಿಗೆ ಆರ್ಕೈವ್ ಇಡೀ ದೇಶಕ್ಕೇ ಬಂದ್ ಆಯಿತು. ಒಂದು ಕಥೆ ಬೇಡ ಅಂದವರು ಎಲ್ಲರ ಕಥೆಗಳನ್ನೂ ಮುಚ್ಚಿಸಿದರು. ಆಮೇಲೆ ಜನರ ಸಿಟ್ಟು ತಿರುಗಿದ್ದು ಆ ನಟನ ಮೇಲೆಯೇ.

ಓದಿ ನೋಡೋಣ ಅನ್ನಿಸಿದವರಿಗೆ ಒಂದೆರಡು ಮಾತು. ನಿಮಗೆ ಬಾಯಿಪಾಠವಾಗುವಷ್ಟು ಇಷ್ಟವಾದ ಪುಸ್ತಕದಿಂದಲೇ ಶುರು ಮಾಡಿ, ಪರಿಚಯವಿಲ್ಲದ ಮೂಲದ ಫ್ಯಾನ್‌ಫಿಕ್ ಸಪ್ಪೆ ಅನ್ನಿಸುತ್ತದೆ. ಹೀರೋನನ್ನು ಬಿಟ್ಟು, ನಿಮಗೆ ಮಾತ್ರ ಇಷ್ಟವಾದ ಚಿಕ್ಕ ಪಾತ್ರದ ಹೆಸರು ಹಾಕಿ ಹುಡುಕಿ. ಪೂರ್ತಿಯಾದ ಕಥೆಗಳನ್ನು ಮಾತ್ರ ತೋರಿಸು ಅನ್ನುವ ಆಯ್ಕೆ ಇದೆ, ಅದನ್ನು ಒತ್ತಿ. ಇಲ್ಲದಿದ್ದರೆ ಎರಡು ವರ್ಷದ ಹಿಂದೆ ನಿಂತುಹೋದ ಕಥೆಯ ರೋಚಕ ಘಟ್ಟದಲ್ಲಿ ಸಿಕ್ಕಿಕೊಂಡು ಒದ್ದಾಡುತ್ತೀರಿ. ಇಷ್ಟವಾದರೆ ಮೆಚ್ಚಿಗೆಯ ಗುಂಡಿ ಒತ್ತಿ ಸುಮ್ನೆ ಹೋಗಬೇಡಿ, ಯಾವ ಸಾಲು ಹಿಡಿಸಿತು ಅಂತ ಬರೆಯಿರಿ. ಬರೆದವರಿಗೆ ಸಿಗುವ ಸಂಬಳ ಅದೊಂದೇ. "ಮುಂದಿನ ಅಧ್ಯಾಯ ಯಾವಾಗ?" ಅಂತ ಮಾತ್ರ ಕೇಳಲೇಬೇಡಿ.